ಆನ್‌ಲೈನ್ ಸುಡೊಕು ವೇರಿಯಂಟ್ ಸ್ಪರ್ಧೆ: ಉಡುಪಿ, ಮಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಭಾನುವಾರ ಮಧ್ಯಾಹ್ನ ಸೇರುವ ನಮ್ಮ ಸಣ್ಣ ಸುಡೊಕು ಬಳಗಕ್ಕೆ ಮಂಗಳೂರಿನಿಂದ ರೈಲು ಹಿಡಿದು ಬರುವವರಿದ್ದಾರೆ, ಮಣಿಪಾಲದಿಂದ ಸಿಟಿ ಬಸ್ಸಿನಲ್ಲಿ ಇಳಿದು ಬರುವ ಮಕ್ಕಳಿದ್ದಾರೆ. ಹೊಸಬರು ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಕಿಲ್ಲರ್ ಎಂಬ ಬಗೆಯ ಸುಡೊಕುವನ್ನು ಫೋನಿನಲ್ಲಿ ವಿವರಿಸಿ ಮುಗಿಯುವುದಿಲ್ಲ, ಹಾಗಾಗಿ ಬರೆದೇ ಇಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

ಪೇಪರಲ್ಲಿ ಬರುವ ಸುಡೊಕು ಮಾತ್ರ ಗೊತ್ತು ಮಾರಾಯ್ರೆ. ಇದಕ್ಕೆ ಬರಬಹುದಾ?

ಧಾರಾಳ ಬನ್ನಿ. ಪೇಪರಿನ ಸುಡೊಕು ಬಿಡಿಸಲಿಕ್ಕೆ ಬರುತ್ತದೆ ಎಂದರೆ ಅರ್ಧ ದಾರಿ ಆಯಿತು. ವೇರಿಯಂಟ್ ಎಂದರೆ ಅದೇ 81 ಮನೆ, ಅದೇ 1ರಿಂದ 9. ಅಡ್ಡ ಸಾಲು, ಉದ್ದ ಸಾಲು, 3×3ರ ಪೆಟ್ಟಿಗೆ, ಎಲ್ಲಿಯೂ ಅಂಕೆ ಎರಡು ಸಲ ಬರಬಾರದೆಂಬ ನಿಯಮವೂ ಅದೇ. ಅದರ ಮೇಲೆ ಇನ್ನೊಂದು ಷರತ್ತು ಸೇರಿಸುತ್ತಾರೆ, ಅಷ್ಟೆ. ಡಯಾಗನಲ್‌ನಲ್ಲಿ ಮೂಲೆಯಿಂದ ಮೂಲೆಗೆ ಹೋಗುವ ಎರಡು ಗೆರೆಗಳಲ್ಲೂ 1ರಿಂದ 9 ಬರಬೇಕು. ಆ್ಯಂಟಿ ನೈಟ್‌ನಲ್ಲಿ ಚೆಸ್ಸಿನ ಕುದುರೆ ಹಾರುವಷ್ಟು ದೂರದಲ್ಲಿ ಅದೇ ಅಂಕೆ ಇರಬಾರದು. ಆ್ಯರೋದಲ್ಲಿ ಬಾಣದ ಮೇಲಿನ ಅಂಕೆಗಳನ್ನು ಕೂಡಿದರೆ ವೃತ್ತದಲ್ಲಿರುವ ಅಂಕೆ ಸಿಗಬೇಕು. ಜಿಗ್‌ಸಾದಲ್ಲಿ ಪೆಟ್ಟಿಗೆಗಳೇ ಸೊಟ್ಟ. ಹೀಗೆ ನೂರಾರು ಬಗೆ ಉಂಟು, ವರ್ಷವರ್ಷವೂ ಹೊಸತು ಹುಟ್ಟುತ್ತದೆ. ಎಲ್ಲವನ್ನೂ ಕಲಿತ ಮೇಲೆ ಬರುತ್ತೇನೆ ಎಂದು ಕೂತವರು ಬಂದದ್ದನ್ನು ನಾನು ಕಾಣಲಿಲ್ಲ.

ಇದನ್ನು ನಡೆಸುವವರು ಯಾರು? ಎಲ್ಲಿಗೆ ಹೋಗಲಿಕ್ಕುಂಟು?

ಎಲ್ಲಿಗೂ ಹೋಗಲಿಕ್ಕಿಲ್ಲ, ಮನೆಯಲ್ಲೇ ಕೂತು ಆಡುವುದು. ನಾವು ಮುಖ್ಯವಾಗಿ ಎರಡು ಕಡೆ ಆಡುತ್ತೇವೆ. ಒಂದು, ಲಾಜಿಕ್ ಮಾಸ್ಟರ್ಸ್ ಇಂಡಿಯಾ. ವಿಶ್ವ ಪಝಲ್ ಒಕ್ಕೂಟದಲ್ಲಿ ಭಾರತವನ್ನು ಪ್ರತಿನಿಧಿಸುವ ಸಂಸ್ಥೆ ಅದು. ಅವರ ‘ಸುಡೊಕು ಮಹಾಭಾರತ್’ ಸುತ್ತುಗಳು ನಮ್ಮವರಿಗೆ ಹೇಳಿ ಮಾಡಿಸಿದ ಹಾಗಿವೆ. ಇನ್ನೊಂದು, ಆ ಒಕ್ಕೂಟವೇ 2013ರಿಂದ ನಡೆಸುತ್ತಿರುವ ಸುಡೊಕು ಗ್ರ್ಯಾಂಡ್ ಪ್ರಿ. ವರ್ಷದಲ್ಲಿ ಹಲವು ಸುತ್ತು, ಸುತ್ತಿಗೆ 90 ನಿಮಿಷ. ಒಂದೊಂದು ಸುತ್ತಿನ ಪಝಲ್‌ಗಳನ್ನು ಒಂದೊಂದು ದೇಶದವರು ರಚಿಸುತ್ತಾರೆ, ಹಾಗಾಗಿ ರುಚಿಯೂ ಬದಲಾಗುತ್ತದೆ. ನನಗೆ ಕೇಳಿದರೆ ಮೊದಲು ಮಹಾಭಾರತ್, ಆಮೇಲೆ ಗ್ರ್ಯಾಂಡ್ ಪ್ರಿ.

ದುಡ್ಡು ಕಟ್ಟಲಿಕ್ಕುಂಟಾ?

ಇವೆರಡರ ಆನ್‌ಲೈನ್ ಸುತ್ತುಗಳಿಗೆ ಸಾಮಾನ್ಯವಾಗಿ ಶುಲ್ಕ ಇಲ್ಲ. ಹೆಸರು ನೋಂದಾಯಿಸಿ ಲಾಗಿನ್ ಮಾಡಿಕೊಂಡರೆ ಆಯಿತು. ‘ಸರ್ಟಿಫಿಕೇಟ್, ಮೆಡಲ್ ಎಲ್ಲ ಕೊಡುತ್ತೇವೆ, ಮೊದಲು ಗೂಗಲ್ ಪೇ ಮಾಡಿ’ ಎಂಬ ಮೆಸೇಜು ಬಂದರೆ ಅದು ಬೇರೆಯೇ ಆಟ.

ಸ್ಪರ್ಧೆಯ ದಿನ ಎಂತ ಬರುತ್ತದೆ ಎಂದು ಮೊದಲೇ ಗೊತ್ತಾಗುತ್ತದಾ?

ಗೊತ್ತಾಗುತ್ತದೆ. ಹೊಸಬರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. ಸುತ್ತಿಗೆ ಕೆಲವು ದಿನ ಮೊದಲೇ ಸೂಚನಾ ಪುಸ್ತಿಕೆ ಹೊರಬರುತ್ತದೆ. ಆಡುವವರ ಬಾಯಲ್ಲಿ ಅದು ‘ಐಬಿ’. ಎಷ್ಟು ಪಝಲ್, ಯಾವ್ಯಾವ ಬಗೆ, ಪ್ರತಿಯೊಂದರ ನಿಯಮ, ಬಿಡಿಸಿ ತೋರಿಸಿದ ಒಂದು ಉದಾಹರಣೆ, ಯಾವುದಕ್ಕೆ ಎಷ್ಟು ಅಂಕ, ಎಲ್ಲವೂ ಅದರಲ್ಲಿರುತ್ತದೆ. ಇರದಿರುವುದು ನಿಜವಾದ ಪಝಲ್ ಮಾತ್ರ. ಯಾವ ಪಾಠದಿಂದ ಎಷ್ಟು ಮಾರ್ಕಿನ ಪ್ರಶ್ನೆ ಎಂದು ಮೇಷ್ಟ್ರೇ ಬರೆದು ಕೊಟ್ಟರೂ ಅದನ್ನು ಓದದೆ ಪರೀಕ್ಷೆಗೆ ಹೋಗುವವರು ಎಷ್ಟು ಜನ ಗೊತ್ತಾ? ಗಡಿಯಾರ ಓಡಲು ಶುರುವಾದ ಮೇಲೆ ನಿಯಮ ಓದುತ್ತಾ ಕೂತರೆ ಹತ್ತು ಹದಿನೈದು ನಿಮಿಷ ಸುಮ್ಮನೆ ಹೋಗುತ್ತದೆ. ನಮ್ಮಲ್ಲಿ ರ್‍ಯಾಂಕ್ ಮೇಲೇರಿದವರ ಕೈ ವೇಗವಾದದ್ದು ಕಡಿಮೆ. ಅವರು ಐಬಿ ಓದುವ ರೀತಿ ಬದಲಾಯಿತು.

ಓದುವುದೆಂದರೆ ಹೀಗೆ. ಕ್ರಾಪ್ಕಿ ಎಂಬ ಬಗೆಯನ್ನು ತೆಗೆದುಕೊಳ್ಳಿ. ಎರಡು ಮನೆಗಳ ನಡುವೆ ಬಿಳಿ ಚುಕ್ಕಿ ಇದ್ದರೆ ಅವು 3 ಮತ್ತು 4ರಂತೆ ಒಂದರ ಹಿಂದೊಂದು ಬರುವ ಅಂಕೆಗಳು. ಕಪ್ಪು ಚುಕ್ಕಿ ಇದ್ದರೆ ಒಂದು ಇನ್ನೊಂದರ ಎರಡು ಪಟ್ಟು. ಇಷ್ಟನ್ನು ಎಲ್ಲರೂ ಓದುತ್ತಾರೆ. ಕೊನೆಗೆ ‘ಸಾಧ್ಯವಿರುವ ಚುಕ್ಕಿಗಳನ್ನೆಲ್ಲ ಹಾಕಲಾಗಿದೆ’ ಎಂಬ ಒಂದು ಸಾಲು ಇದೆಯೋ ಇಲ್ಲವೋ ನೋಡಬೇಕು. ಇದ್ದರೆ ಚುಕ್ಕಿ ಇಲ್ಲದ ಜಾಗವೂ ಸುಳಿವೇ. ಒಂದು ಮನೆಯಲ್ಲಿ 4 ಉಂಟು, ಪಕ್ಕದ ಮನೆಯ ನಡುವೆ ಚುಕ್ಕಿ ಇಲ್ಲ ಎಂದಾದರೆ ಆ ಪಕ್ಕದ ಮನೆಯಲ್ಲಿ 3, 5 ಬರುವ ಹಾಗಿಲ್ಲ, 2, 8 ಕೂಡ ಬರುವ ಹಾಗಿಲ್ಲ. ಉಳಿದದ್ದು 1, 6, 7, 9 ಮಾತ್ರ. ಆ ಸಾಲು ಇಲ್ಲದಿದ್ದರೆ ಇದ್ಯಾವುದನ್ನೂ ಹೇಳಲಿಕ್ಕಾಗುವುದಿಲ್ಲ. ಒಂದೇ ಒಂದು ಸಾಲಿಗೆ ಪಝಲ್ ಇಡೀ ಬೇರೆಯಾಗುತ್ತದೆ.

ಐಬಿ ಇಂಗ್ಲಿಷಲ್ಲಿ ಇರುತ್ತದಲ್ಲ, ಕನ್ನಡ ಮೀಡಿಯಂ ಮಕ್ಕಳಿಗೆ ಕಷ್ಟ ಆಗಲಿಕ್ಕಿಲ್ವಾ?

ಮೊದಲ ಎರಡು ಸುತ್ತಿಗೆ ಆಗುತ್ತದೆ. ತಿರುಗಿ ತಿರುಗಿ ಬರುವ ಶಬ್ದಗಳು ಇಪ್ಪತ್ತೂ ದಾಟಲಿಕ್ಕಿಲ್ಲ. ಅದರಲ್ಲಿ ಒಂದನ್ನು ಮಾತ್ರ ಗಟ್ಟಿ ಹಿಡಿದುಕೊಳ್ಳಿ: ‘ಆರ್ಥಾಗನಲಿ ಅಡ್ಜಸೆಂಟ್’ ಎಂದರೆ ಮೇಲೆ, ಕೆಳಗೆ, ಎಡ, ಬಲ ತಾಗಿದ ನಾಲ್ಕು ಮನೆ ಮಾತ್ರ. ಮೂಲೆ ತಾಗಿದ್ದು ಲೆಕ್ಕಕ್ಕಿಲ್ಲ. ಮೂಲೆಯೂ ಸೇರುವುದಾದರೆ ‘ಡಯಾಗನಲಿ’ ಎಂದು ಬೇರೆ ಬರೆದಿರುತ್ತಾರೆ. ಭಾನುವಾರ ಐಬಿಯನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳುವ ಪದ್ಧತಿ ನಮ್ಮಲ್ಲುಂಟು. ಸುತ್ತು ಶುರುವಾಗುವ ಮೊದಲು ಇದಕ್ಕೆ ಯಾವ ಅಡ್ಡಿಯೂ ಇಲ್ಲ.

ಒಂದರಿಂದ ಶುರುಮಾಡಿ ಕ್ರಮವಾಗಿ ಬಿಡಿಸಬೇಕಾ?

ಬೇಡವೇ ಬೇಡ. ಅಂಕ ನೋಡಿ ಆರಿಸಿಕೊಳ್ಳಿ. ಸ್ಪರ್ಧೆಗೆ ಮೊದಲೇ ಬಿಡಿಸಿ ನೋಡುವ ಪರೀಕ್ಷಕರಿಗೆ ಹೆಚ್ಚು ಹೊತ್ತು ಹಿಡಿದ ಪಝಲ್‌ಗೆ ಹೆಚ್ಚು ಅಂಕ ಇಡುತ್ತಾರೆ. ಅಂದರೆ ನಿಮಿಷದ ಲೆಕ್ಕಕ್ಕೆ ಹಾಕಿದರೆ ಎಲ್ಲವೂ ಹತ್ತಿರ ಹತ್ತಿರ ಸಮಾನವೇ. ಆದರೆ ಅದು ಪರೀಕ್ಷಕರ ನಿಮಿಷ, ನಿಮ್ಮದಲ್ಲ. ಕಿಲ್ಲರ್ ನಿಮ್ಮ ಕೈಗೆ ಒಗ್ಗಿದ್ದರೆ 40 ಅಂಕದ್ದು 8 ನಿಮಿಷದಲ್ಲಿ ಮುಗಿಯಿತು ಎನ್ನಿ, ನಿಮಿಷಕ್ಕೆ 5 ಬಿತ್ತು. ಆ್ಯರೋ ನಿಮಗೆ ಆಗಿಬರದಿದ್ದರೆ 55 ಅಂಕದ್ದಕ್ಕೆ 22 ನಿಮಿಷ ಹಿಡಿದು ನಿಮಿಷಕ್ಕೆ ಎರಡೂವರೆ ಬೀಳುತ್ತದೆ. ದೊಡ್ಡ ಅಂಕದ ಆಸೆಗೆ ಎರಡನೆಯದರಲ್ಲಿ ಮುಳುಗಿ ಸುತ್ತು ಇಡೀ ಕಳೆದುಕೊಂಡವರು ಬೇಕಷ್ಟು ಜನ ಇದ್ದಾರೆ. ಐಬಿಯ ಮೇಲೆಯೇ ಪೆನ್ಸಿಲಿನಲ್ಲಿ ಕ್ರಮ ಬರೆದಿಟ್ಟುಕೊಳ್ಳಿ: ಮೊದಲು ಇದು, ಆಮೇಲೆ ಇದು, ಇದನ್ನು ಮುಟ್ಟುವುದೇ ಇಲ್ಲ.

ಸಿಕ್ಕಿಬಿದ್ದರೆ ಮೂರು ನಿಮಿಷಕ್ಕೆ ಬಿಟ್ಟು ಮುಂದೆ ಹೋಗಿ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅರ್ಧ ತುಂಬಿದ ಪಝಲ್‌ಗೆ ಮತ್ತೆ ಬಂದಾಗ ಮೊದಲು ಯೋಚಿಸಿದ್ದು ಒಂದೂ ನೆನಪಿರುವುದಿಲ್ಲ. ಏಳೆಂಟು ಅಂಕೆಯೂ ಕೂರದಿದ್ದರೆ ಬಿಡಿ. ಮುಕ್ಕಾಲು ತುಂಬಿದ್ದರೆ ಹಿಡಿದು ಮುಗಿಸಿ.

ನನಗೆ ಲೆಕ್ಕ ಎಂದರೆ ಅಲರ್ಜಿ. ಕಿಲ್ಲರ್‌ನಲ್ಲಿ ಕೂಡಿಸಲಿಕ್ಕುಂಟಂತೆ?

ಉಂಟು, ಆದರೆ ಅಂಗಡಿಯಲ್ಲಿ ಚಿಲ್ಲರೆ ಎಣಿಸುವಷ್ಟೇ. ಕಿಲ್ಲರ್‌ನಲ್ಲಿ ಚುಕ್ಕಿಗೆರೆ ಸುತ್ತಿದ ಮನೆಗಳ ಗುಂಪಿಗೆ ‘ಕೇಜ್’ ಎನ್ನುತ್ತಾರೆ. ಅದರ ಮೂಲೆಯಲ್ಲಿ ಮೊತ್ತ ಬರೆದಿರುತ್ತದೆ. ಕೇಜಿನೊಳಗೆ ಅಂಕೆ ಎರಡು ಸಲ ಬರಬಾರದು. ಬಾಯಿಪಾಠ ಮಾಡಬೇಕಾದದ್ದು ಇಷ್ಟೇ: ಎರಡು ಮನೆಗೆ 3 ಎಂದರೆ 1, 2. 4 ಎಂದರೆ 1, 3. 16 ಎಂದರೆ 7, 9. 17 ಎಂದರೆ 8, 9. ಮೂರು ಮನೆಗೆ 6 ಎಂದರೆ 1, 2, 3. 7 ಎಂದರೆ 1, 2, 4. 23 ಎಂದರೆ 6, 8, 9. 24 ಎಂದರೆ 7, 8, 9. ಇನ್ನೊಂದು, 1ರಿಂದ 9ರವರೆಗೆ ಕೂಡಿದರೆ 45.

ಈ 45 ಎಷ್ಟು ಕೆಲಸ ಮಾಡುತ್ತದೆ ನೋಡಿ. ಮೇಲಿನ ಎಡ ಪೆಟ್ಟಿಗೆಯೊಳಗೆ ಮೂರು ಕೇಜ್ ಪೂರ್ತಿಯಾಗಿ ಕೂತಿವೆ ಎನ್ನಿ: ಎರಡು ಮನೆಯದ್ದು 17, ಮೂರು ಮನೆಯದ್ದು 7, ಇನ್ನೊಂದು ಮೂರು ಮನೆಯದ್ದು 15. ಒಟ್ಟು ಎಂಟು ಮನೆ, ಮೊತ್ತ 39. ಒಂಬತ್ತನೆಯ ಮನೆ ಹೊರಗಿನ ಕೇಜಿಗೆ ಸೇರಿದ್ದು. 45ರಿಂದ 39 ಕಳೆದರೆ 6, ಆ ಮನೆಗೆ ಅದೇ ಅಂಕೆ. ಕೊಟ್ಟ ಅಂಕೆ ಒಂದೂ ಇಲ್ಲದೆ ಒಂದು ಮನೆ ತುಂಬಿತು. ಮುಂದೆ ಹೋಗಿ: 17ಕ್ಕೆ 8, 9 ಹೋಯಿತು. 7ಕ್ಕೆ 1, 2, 4 ಹೋಯಿತು. ಉಳಿದ 3, 5, 7 ಕೂಡಿದರೆ 15 ಸರಿಯಾಗಿ ಬಂತು. ಕ್ರಮ ಗೊತ್ತಾಗಲಿಲ್ಲ ನಿಜ, ಆದರೆ ಪೆಟ್ಟಿಗೆಯ ಒಂಬತ್ತು ಅಂಕೆಗಳಿಗೂ ಜಾಗ ಹಂಚಿಕೆಯಾಯಿತು. ನಮ್ಮಲ್ಲಿ ಬರುವ ನಿವೃತ್ತ ಬ್ಯಾಂಕಿನವರನ್ನು ಈ ವಿಷಯದಲ್ಲಿ ಹಿಡಿಯಲಿಕ್ಕಾಗುವುದಿಲ್ಲ. ಎಂಜಿನಿಯರಿಂಗ್ ಮಕ್ಕಳು ಮೊಬೈಲ್ ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಇವರು ಪೆಟ್ಟಿಗೆ ತುಂಬಿಸಿರುತ್ತಾರೆ.

ಕೂಡಿಸುವುದೇ ಬೇಡ ಎನ್ನುವವರಿಗೆ?

ಗೆರೆಯ ಬಗೆಗಳುಂಟು. ಥರ್ಮೋದಲ್ಲಿ ಥರ್ಮಾಮೀಟರಿನ ಬುರುಡೆಯಿಂದ ತುದಿಗೆ ಅಂಕೆ ಏರುತ್ತಾ ಹೋಗಬೇಕು. ಆರು ಮನೆ ಉದ್ದದ್ದಾದರೆ ಬುರುಡೆಯಲ್ಲಿ 1ರಿಂದ 4 ಮಾತ್ರ ಸಾಧ್ಯ, ತುದಿಯಲ್ಲಿ 6ರಿಂದ 9, ಮೂರನೆಯ ಮನೆಯಲ್ಲಿ 3ರಿಂದ 6.

ನನಗೆ ಬಹಳ ಇಷ್ಟವಾದದ್ದು ಜರ್ಮನ್ ವಿಸ್ಪರ್ಸ್, ಸಾಮಾನ್ಯವಾಗಿ ಹಸಿರು ಗೆರೆ. ಗೆರೆಯ ಮೇಲೆ ಪಕ್ಕಪಕ್ಕದ ಅಂಕೆಗಳ ವ್ಯತ್ಯಾಸ ಕನಿಷ್ಠ 5 ಇರಬೇಕು. ಹಾಗಾದರೆ 5 ಗೆರೆಯ ಮೇಲೆ ಬರುವ ಹಾಗೇ ಇಲ್ಲ, ಅದಕ್ಕೆ ಜೋಡಿ 0 ಅಥವಾ 10 ಬೇಕಾಗುತ್ತದೆ. ಸಣ್ಣದು, ದೊಡ್ಡದು, ಸಣ್ಣದು, ದೊಡ್ಡದು ಎಂದೇ ಗೆರೆ ಸಾಗಬೇಕು. 4ರ ಪಕ್ಕ 9 ಒಂದೇ ಕೂರುತ್ತದೆ, 6ರ ಪಕ್ಕ 1 ಒಂದೇ. ಈಗ ಗೆರೆ ಒಂದೇ ಅಡ್ಡ ಸಾಲಿನಲ್ಲಿ ನೇರ ಹೋಗುತ್ತಿದೆ ಎನ್ನಿ. ನಡುವಿನ ಮನೆಯಲ್ಲಿ 4 ಇಟ್ಟರೆ ಎರಡೂ ಬದಿಗೆ 9 ಬೇಕು. ಒಂದೇ ಸಾಲಿನಲ್ಲಿ ಎರಡು 9 ಆಗುವುದಿಲ್ಲ. ಅಲ್ಲಿಗೆ 4ಕ್ಕೂ 6ಕ್ಕೂ ಗೆರೆಯ ತುದಿಯೇ ಗತಿ. ಒಂದು ಅಂಕೆ ಬರೆಯುವ ಮೊದಲೇ ಇಷ್ಟು ಗೊತ್ತಾಯಿತು!

ಫೈಲ್ ಓಪನ್ ಮಾಡಿದೆ, ಚೌಕದಲ್ಲಿ ಒಂದೂ ಅಂಕೆ ಇಲ್ಲ. ಡೌನ್‌ಲೋಡ್ ಹಾಳಾಗಿದೆಯಾ?

ಇಲ್ಲ, ಅದು ಇರುವುದೇ ಹಾಗೆ. ಮಾಮೂಲಿ ಸುಡೊಕುವಿಗೆ ಒಂದೇ ಉತ್ತರ ಬರಬೇಕಾದರೆ ಕನಿಷ್ಠ 17 ಅಂಕೆ ಕೊಡಲೇಬೇಕೆಂದು 2012ರಲ್ಲಿ ಕಂಪ್ಯೂಟರಿನಿಂದ ಸಾಧಿಸಿ ತೋರಿಸಿದ್ದಾರೆ. ವೇರಿಯಂಟ್‌ಗೆ ಆ ಲೆಕ್ಕ ಇಲ್ಲ, ಷರತ್ತುಗಳೇ ಅಂಕೆಯ ಕೆಲಸ ಮಾಡುತ್ತವೆ. 2020ರ ಲಾಕ್‌ಡೌನ್ ಸಮಯದಲ್ಲಿ ಜಗತ್ತಿನಲ್ಲೆಲ್ಲ ಓಡಾಡಿದ ‘ಮಿರಾಕಲ್ ಸುಡೊಕು’ವಿನಲ್ಲಿ ಕೊಟ್ಟದ್ದು ಬರೀ ಎರಡು ಅಂಕೆ. ಕುದುರೆಯ ದೂರದಲ್ಲಿ ಅದೇ ಅಂಕೆ ಇಲ್ಲ, ರಾಜನ ದೂರದಲ್ಲಿ ಅದೇ ಅಂಕೆ ಇಲ್ಲ, ಮೇಲೆ, ಕೆಳಗೆ, ಎಡ, ಬಲ ತಾಗಿದ ಮನೆಗಳಲ್ಲಿ ಒಂದರ ಹಿಂದೊಂದು ಬರುವ ಅಂಕೆಗಳಿಲ್ಲ ಎಂಬ ಮೂರು ಷರತ್ತಿನಿಂದ ಉಳಿದ 79 ಮನೆ ತುಂಬುತ್ತವೆ. ಸಂಜೆ ಕರೆಂಟ್ ಇಲ್ಲದಾಗ ಕಾಗದದಲ್ಲಿ ಬರೆದು ಮಾಡಿ ನೋಡಬೇಕಾದ ಪಝಲ್ ಅದು.

ಗೊತ್ತಾಗದಿದ್ದರೆ ಅಂದಾಜಿಗೆ ಹಾಕಬಹುದಾ?

ಸ್ಪರ್ಧೆಯಲ್ಲಿ ಹೇಗೆ ಬಿಡಿಸಿದಿರಿ ಎಂದು ಯಾರೂ ಕೇಳುವುದಿಲ್ಲ, ಉತ್ತರ ಸರಿ ಇದ್ದರೆ ಸಾಕು. ಎರಡೇ ಆಯ್ಕೆ ಇರುವ ಮನೆಯಲ್ಲಿ ಒಂದನ್ನು ಹಿಡಿದು ಮುಂದೆ ಓಡುವುದು ದೊಡ್ಡ ಆಟಗಾರರೂ ಮಾಡುವಂಥದ್ದೇ. ಕಾಗದದಲ್ಲಾದರೆ ಅಂದಾಜಿನ ಅಂಕೆಗಳನ್ನು ಬೇರೆ ಬಣ್ಣದಲ್ಲಿ ಬರೆಯಿರಿ, ಅಳಿಸಲಿಕ್ಕೆ ಸುಲಭ. ಅಭ್ಯಾಸದ ಹೊತ್ತಿಗೆ ಮಾತ್ರ ಅಂದಾಜು ಬೇಡ.

ಮೊಬೈಲ್ ಸಾಕಾ? ಲ್ಯಾಪ್‌ಟಾಪ್ ಬೇಕೇ ಬೇಕಾ?

ಮೊಬೈಲಿನಲ್ಲಿ ಕಲಿಯಬಹುದು, ಸ್ಪರ್ಧೆಗೆ ಕಷ್ಟ. ಕಣ್ಣಿಗೂ ಹೆಬ್ಬೆರಳಿಗೂ. ಪರದೆಯ ಮೇಲೆ ಬಿಡಿಸುವುದಾದರೆ ಪೆನ್ಪಾ, ಸುಡೊಕುಪ್ಯಾಡ್ ಎಂಬ ಆನ್‌ಲೈನ್ ತಾಣಗಳೆರಡರಲ್ಲೂ ಮೊದಲೇ ಕೈ ಆಡಿಸಿಟ್ಟುಕೊಳ್ಳಿ. ಸುಡೊಕುಪ್ಯಾಡಿನಲ್ಲಿ ಶಿಫ್ಟ್ ಒತ್ತಿ ಹಿಡಿದು ಅಂಕೆ ಒತ್ತಿದರೆ ಮನೆಯ ಮೂಲೆಯಲ್ಲಿ ಗುರುತು ಬೀಳುತ್ತದೆ, ಕಂಟ್ರೋಲ್ ಹಿಡಿದರೆ ನಡುವೆ. ಪೆನ್ಪಾದ ಕ್ರಮ ಬೇರೆ. ಗಡಿಯಾರ ಓಡುವಾಗ ಇದನ್ನು ಹುಡುಕುತ್ತಾ ಕೂರಬಾರದು.

ಪಿಡಿಎಫ್ ತೆಗೆದು ಕಾಗದದಲ್ಲಿ ಬಿಡಿಸುವವರಿಗೆ ಬೇರೆ ತಾಪತ್ರಯ. ಫೈಲಿಗೆ ಪಾಸ್‌ವರ್ಡ್ ಇರುತ್ತದೆ, ‘ಸ್ಟಾರ್ಟ್’ ಒತ್ತಿದ ಮೇಲಷ್ಟೇ ಅದು ಕಾಣುತ್ತದೆ, ಆ ಕ್ಷಣದಿಂದ ಸಮಯ ಎಣಿಕೆ. ಹಾಗಾಗಿ ಹಿಂದಿನ ದಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಡುವ ಉಪಾಯ ನಡೆಯುವುದಿಲ್ಲ. ಪ್ರಿಂಟರ್ ಮನೆಯಲ್ಲೇ ಇರಬೇಕು, ಇಂಕ್ ಇರಬೇಕು. ಬೂದುಬಣ್ಣದ ಥರ್ಮೋ ಕೆಲವು ಪ್ರಿಂಟರಿನಲ್ಲಿ ಮಸಿ ಬಳಿದ ಹಾಗೆ ಬಂದು ಒಳಗೆ ಬರೆದ ಅಂಕೆ ಕಾಣುವುದೇ ಇಲ್ಲ. ಐಬಿಯ ಉದಾಹರಣೆಗಳನ್ನೇ ಒಂದು ಸಲ ಪ್ರಿಂಟ್ ತೆಗೆದು ನೋಡಿಕೊಂಡರೆ ಗೊತ್ತಾಗುತ್ತದೆ.

ಮಧ್ಯದಲ್ಲಿ ಕರೆಂಟ್ ಹೋದರೆ?

ಗಡಿಯಾರ ನಿಲ್ಲುವುದಿಲ್ಲ. ಕ್ಷಮೆ, ಮರುಪರೀಕ್ಷೆ ಯಾವುದೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸಂಜೆ ಗುಡುಗು ಶುರುವಾದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಸುತ್ತು ಕೆಲವು ದಿನ ತೆರೆದಿರುತ್ತದೆ, ಅದರಲ್ಲಿ ಯಾವ 90 ನಿಮಿಷ ಎನ್ನುವುದು ನಿಮ್ಮ ಆಯ್ಕೆ. ಬೆಳಗ್ಗೆ ಆರು, ಆರೂವರೆಗೆ ಕೂತುಕೊಳ್ಳಿ. ಕರೆಂಟೂ ಇರುತ್ತದೆ, ಮನೆಯವರೂ ಎದ್ದಿರುವುದಿಲ್ಲ. ರೌಟರನ್ನು ಇನ್ವರ್ಟರಿಗೆ ಹಾಕಿಸಿ, ಮೊಬೈಲ್ ಹಾಟ್‌ಸ್ಪಾಟ್ ಕೆಲಸ ಮಾಡುತ್ತದಾ ಎಂದು ನೋಡಿಟ್ಟುಕೊಳ್ಳಿ. ಶನಿವಾರ ರಾತ್ರಿ ಇಡೀ ಯಕ್ಷಗಾನ ನೋಡಿ ಭಾನುವಾರ ಬೆಳಗ್ಗೆ ಸ್ಟಾರ್ಟ್ ಒತ್ತುವ ಸಾಹಸ ಬೇಡ.

ಕೊನೆಯ ಗಡುವಿನ ಬಗ್ಗೆ ಒಂದು ಮಾತು. ಗ್ರ್ಯಾಂಡ್ ಪ್ರಿಯಂಥ ಅಂತಾರಾಷ್ಟ್ರೀಯ ಸ್ಪರ್ಧೆಗಳ ಸಮಯ ನಮ್ಮದಲ್ಲ. ಸೋಮವಾರ 23:00 ಯುಟಿಸಿ (ಜಾಗತಿಕ ಸಮಯ) ಎಂದು ಬರೆದಿದ್ದರೆ ನಮಗೆ ಮಂಗಳವಾರ ಬೆಳಗಿನ ಜಾವ 4:30. ಐದೂವರೆ ಗಂಟೆ ಕೂಡಿಸಬೇಕು, ಕಳೆಯಬಾರದು.

ಉತ್ತರ ಕಳಿಸುವುದು ಹೇಗೆ? ಫೋಟೋ ತೆಗೆಯಬೇಕಾ?

ಬೇಡ. ಕಾಗದದಲ್ಲಿ ಬಿಡಿಸಿದರೆ ಗುರುತು ಹಾಕಿದ ಒಂದೆರಡು ಸಾಲಿನ ಅಂಕೆಗಳನ್ನು ಟೈಪ್ ಮಾಡಿದರೆ ಸಾಕು. ಅಡ್ಡ ಸಾಲಾದರೆ ಎಡದಿಂದ ಬಲಕ್ಕೆ, ಉದ್ದ ಸಾಲಾದರೆ ಮೇಲಿನಿಂದ ಕೆಳಗೆ. ಕಣ್ಣು ಜಾರಿ ಪಕ್ಕದ ಸಾಲನ್ನು ಹೊಡೆಯುವುದು ಸಾಮಾನ್ಯ. ಒಂಬತ್ತು ಅಂಕೆ ಹೊಡೆದ ಮೇಲೆ ಒಂದೂ ಎರಡು ಸಲ ಬಂದಿಲ್ಲ ತಾನೆ ಎಂದು ನೋಡಿ. ತಪ್ಪು ಉತ್ತರಕ್ಕೆ ಅಂಕ ಕಡಿತ ಉಂಟಾ, ತಿದ್ದಲು ಅವಕಾಶ ಎಷ್ಟು ಸಲ ಎನ್ನುವುದು ಸ್ಪರ್ಧೆಯಿಂದ ಸ್ಪರ್ಧೆಗೆ ಬೇರೆ. ಅದೂ ಐಬಿಯಲ್ಲೇ ಇರುತ್ತದೆ.

ಮುಗಿದ ಕೂಡಲೇ ಗ್ರೂಪಲ್ಲಿ ಹಾಕಬಹುದಲ್ಲ, ‘ಏಳನೆಯದು ಸುಲಭ ಇತ್ತು’ ಅಂತ?

ಹಾಕಬಾರದು. ಸುತ್ತು ಎಲ್ಲರಿಗೂ ಮುಚ್ಚುವವರೆಗೆ ಒಂದಕ್ಷರವೂ ಇಲ್ಲ. ನೀವು ಶನಿವಾರ ಆಡಿರುತ್ತೀರಿ, ಮೂಲ್ಕಿಯಲ್ಲಿರುವ ನಿಮ್ಮ ಗೆಳೆಯ ಭಾನುವಾರ ಆಡಲಿಕ್ಕುಂಟು. ‘ಸುಲಭ ಇತ್ತು’ ಎಂಬ ಎರಡು ಶಬ್ದವೇ ಅವನಿಗೆ ಸಹಾಯ. ಅಪ್ಪ ಮಗ ಸೇರಿ ಒಂದೇ ಲಾಗಿನ್ನಿನಲ್ಲಿ ಬಿಡಿಸುವುದು, ಸಾಲ್ವರ್ ಪ್ರೋಗ್ರಾಮಿಗೆ ಹಾಕುವುದು, ಇವೆರಡೂ ಮೋಸವೇ. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು, ಬೇಜಾರು ಮಾಡಿಕೊಳ್ಳಬೇಡಿ. ಮುಚ್ಚಿದ ಮೇಲೆ ಎಷ್ಟು ಬೇಕಾದರೂ ಜಗಳ ಮಾಡಿ.

ಮಗಳಿಗೆ ಇದರಿಂದ ಎಸ್ಸೆಸ್ಸೆಲ್ಸಿಯಲ್ಲಿ ಕೃಪಾಂಕ ಸಿಗುತ್ತದಾ?

ಇಲ್ಲ.

ನನಗೆ ಅರವತ್ತೆರಡು. ಹದಿನೆಂಟರ ಹುಡುಗರ ಜೊತೆ ಸ್ಪರ್ಧೆಯಾ?

ಪಝಲ್ ಎಲ್ಲರಿಗೂ ಒಂದೇ. ವಿಶ್ವ ಮಟ್ಟದಲ್ಲಿ 18ರ ಒಳಗಿನವರಿಗೂ 50 ದಾಟಿದವರಿಗೂ ಪ್ರತ್ಯೇಕ ವಿಭಾಗ ಇದೆ. ಮೊದಲ ಸುತ್ತಿನಲ್ಲಿ ಪಟ್ಟಿಯ ತಲೆಯ ಮೇಲಿನ ಹೆಸರು ನೋಡಲೇಬೇಡಿ. ಅವರು ಎಲ್ಲವನ್ನೂ ಮುಗಿಸಿ ಸಮಯ ಉಳಿಸಿದವರು. ನಾಲ್ಕು ಪಝಲ್ ಸರಿಯಾದರೆ ಚೆನ್ನಾಗಿಯೇ ಆಡಿದ್ದೀರಿ ಎಂದು ಲೆಕ್ಕ.

ಇದು ಜಪಾನಿನವರ ಆಟ ಅಲ್ವಾ?

ಹೆಸರು ಜಪಾನಿನದ್ದು, ಹುಟ್ಟಿದ್ದು ಅಮೆರಿಕದಲ್ಲಿ. ಹೋವರ್ಡ್ ಗಾರ್ನ್ಸ್ ಎಂಬ ನಿವೃತ್ತ ಆರ್ಕಿಟೆಕ್ಟ್ ರಚಿಸಿದ್ದು 1979ರಲ್ಲಿ ಡೆಲ್ ಪತ್ರಿಕೆಯಲ್ಲಿ ‘ನಂಬರ್ ಪ್ಲೇಸ್’ ಎಂಬ ಹೆಸರಿನಲ್ಲಿ ಬಂತು. 1984ರಲ್ಲಿ ಜಪಾನಿನ ನಿಕೋಲಿ ಎಂಬ ಪಝಲ್ ಪ್ರಕಾಶನದವರು ಎತ್ತಿಕೊಂಡರು. 2004ರ ನವೆಂಬರಿನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಶುರುವಾದ ಮೇಲೆ ಊರೂರಿನ ಪೇಪರಿಗೂ ಬಂತು.

ಇಲ್ಲಿಂದ ಭಾರತ ತಂಡಕ್ಕೆ ಹೋಗಲಿಕ್ಕಾಗುತ್ತದಾ?

ದಾರಿ ಉಂಟು. ತಂಡ ಆರಿಸುವುದು ಲಾಜಿಕ್ ಮಾಸ್ಟರ್ಸ್ ಇಂಡಿಯಾ. ಆನ್‌ಲೈನ್ ಸುತ್ತುಗಳಲ್ಲಿ ಮೇಲೆ ಬಂದವರಿಗೆ ರಾಷ್ಟ್ರೀಯ ಫೈನಲ್, ಅಲ್ಲಿಂದ ವಿಶ್ವ ಚಾಂಪಿಯನ್‌ಶಿಪ್. ಮೊದಲ ವಿಶ್ವ ಸ್ಪರ್ಧೆ 2006ರಲ್ಲಿ ಇಟಲಿಯ ಲುಕ್ಕಾದಲ್ಲಿ ನಡೆದಿತ್ತು. 2017ರಲ್ಲಿ ಅದು ನಮ್ಮ ಬೆಂಗಳೂರಿಗೇ ಬಂದಿತ್ತು. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಸಿಗುವಷ್ಟು ದೂರದಲ್ಲಿ ಜಗತ್ತಿನ ಘಟಾನುಘಟಿಗಳು ಕೂತು ಸುಡೊಕು ಬಿಡಿಸುತ್ತಿದ್ದರು, ಕರಾವಳಿಯ ಬಹಳ ಮಂದಿಗೆ ಅದರ ಸುದ್ದಿಯೇ ಇರಲಿಲ್ಲ.

ಅಭ್ಯಾಸ ಎಲ್ಲಿಂದ ಶುರುಮಾಡಲಿ?

ಹಳೆಯ ಸುತ್ತುಗಳ ಪಝಲ್‌ಗಳು ಸಿಗುತ್ತವೆ, ಅವನ್ನೇ ಹಿಡಿಯಿರಿ. ಡಯಾಗನಲ್, ಜಿಗ್‌ಸಾ, ಆ್ಯಂಟಿ ನೈಟ್ ಮೊದಲು. ಥರ್ಮೋ, ಕಿಲ್ಲರ್, ಆ್ಯರೋ ಆಮೇಲೆ. ದಿನಕ್ಕೊಂದು ಬಗೆ ಮಾಡುವುದಕ್ಕಿಂತ ಒಂದು ವಾರ ಒಂದೇ ಬಗೆ ಮಾಡಿದರೆ ಕೈಗೆ ಕೂರುತ್ತದೆ. ಯೂಟ್ಯೂಬಿನಲ್ಲಿ ಬಿಡಿಸಿ ತೋರಿಸುವವರನ್ನು ನೋಡುವುದು ಚೆಂದವೇ, ಆದರೆ ನೋಡಿದ್ದು ಬಿಡಿಸಿದ ಲೆಕ್ಕಕ್ಕೆ ಬರುವುದಿಲ್ಲ.

ಭಾನುವಾರ ಬರುವಾಗ ಎಂತ ತರಬೇಕು?

ಎರಡು ಪೆನ್ಸಿಲ್, ಒಳ್ಳೆಯ ರಬ್ಬರ್, ಮುಂದಿನ ಸುತ್ತಿನ ಐಬಿಯ ಪ್ರಿಂಟ್. ಮಳೆಗಾಲವಾದರೆ ಐಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬನ್ನಿ. ಚಹಾ ಮನೆಯವರದ್ದು, ತಿಂಡಿ ಸರದಿಯ ಮೇಲೆ. ಮೂರು ಗಂಟೆಗೆ ಸರಿಯಾಗಿ ಟೈಮರ್ ಹಾಕುತ್ತೇವೆ, ತಡವಾಗಿ ಬಂದವರು ಮೊದಲ ಪಝಲ್ ಮುಗಿಯುವವರೆಗೆ ಜಗಲಿಯಲ್ಲಿ ಕೂರಬೇಕಾಗುತ್ತದೆ.